ತೊಡೆಯ ಮೇಲಿನ ತಾಳ

ಶೇಷಗಿರಿಯವರು ಸಂಗೀತ ಕಚೇರಿಗೆ ಹೋದರೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಾರೆ ಎಂಬುದು ಅಮೆರಿಕದ ಮಿಶಿಗನ್ನಿನ ಟ್ರಾಯ್ ಊರಿನ ಕನ್ನಡದವರಿಗೆಲ್ಲ ಗೊತ್ತಿದ್ದ ಸಂಗತಿ. ಭಾರತೀಯ ಟೆಂಪಲ್‌ನಲ್ಲಿ ರಾಮನವಮಿಗೆ ಸ್ವಂತ ಹೆಂಡತಿ ಅನಸೂಯಮ್ಮನವರೇ ಹಾಡಲು ಕೂತರೂ ಅಷ್ಟೆ. ಸುತ್ತಲಿನವರೆಲ್ಲ ತೊಡೆ ತಟ್ಟಿ, ಬೆರಳು ಮಡಚಿ ತಾಳ ಹಾಕುತ್ತಿದ್ದರೆ ಈ ಮನುಷ್ಯ ಮಾತ್ರ ಚಳಿ ಹಿಡಿದವರ ಹಾಗೆ ಮುದುಡಿಕೊಂಡು, ಕಣ್ಣು ಮುಚ್ಚಿ, ಮಂಗಳ ಮುಗಿಯುವ ತನಕ ಅಲುಗುತ್ತಿರಲಿಲ್ಲ. "ನಮ್ಮನೆಯವರಿಗೆ ಸಂಗೀತ ಅಂದ್ರೆ ಡೆಂಟಿಸ್ಟ್ ಹತ್ರ ಕೂತ ಹಾಗೆ" ಎಂದು ಅನಸೂಯಮ್ಮ ನಗುತ್ತ ಹೇಳುತ್ತಿದ್ದರು. ಐವತ್ತೆರಡು ವರ್ಷಗಳಿಂದ ನಗುತ್ತ ಹೇಳಿಕೊಂಡು ಬಂದ ಮಾತು ಅದು. ಆದರೆ ಪ್ರತಿ ಶನಿವಾರ ಬೇಸ್‌ಮೆಂಟಿನಲ್ಲಿ ಊರಿನ ಮಕ್ಕಳಿಗೆಲ್ಲ ಪಾಠ ಹೇಳುವ ಹೆಂಗಸಿಗೆ, ಕಟ್ಟಿಕೊಂಡ ಗಂಡ ಒಂದೇ ಒಂದು ದಿನವೂ ತನ್ನ ಹಾಡಿಗೆ ತಾಳ ಹಾಕಲಿಲ್ಲ ಎಂಬುದು ಸಣ್ಣ ನೋವಲ್ಲ. ಅರಸಿಕನ ಕೈ ಹಿಡಿದೆ, ಇನ್ನೇನು ಮಾಡುವುದು ಎಂದು ಅದನ್ನು ಹೊಟ್ಟೆಯೊಳಗೆ ಹಾಕಿಕೊಂಡಿದ್ದರು.

ಅವರು ಅರಸಿಕರಲ್ಲ. ಆ ಕೈಗಳು ಕಂಕುಳು ಸೇರಿದ್ದಕ್ಕೆ ಬೇರೆಯೇ ಕಾರಣವಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಫೆಬ್ರವರಿಯ ಒಂದು ಭಾನುವಾರ ಮೊಮ್ಮಗಳು ಇಂಚರ ಆನ್ ಆರ್ಬರ್‌ನ ಕಾಲೇಜಿನಿಂದ ಒಂದು ಚೀಲ ಕೊಳೆಬಟ್ಟೆ ಹೊತ್ತು ಬಂದಿದ್ದಳು. ಅವಳಿಗೆ ಹಳೇ ಇಂಗ್ಲಿಷ್ ಹಾಡುಗಳ ಹುಚ್ಚು. ಅಡಿಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು, "ತಾತ, ಯು ಲಿವ್ಡ್ ಇನ್ ಬರ್ಮಿಂಗ್‌ಹ್ಯಾಮ್, ರೈಟ್? ಲಿಸನ್ ಟು ದಿಸ್ ಗೈ" ಅಂದಳು. ಅರವತ್ತರ ದಶಕದ ಲಾಕ್‌ಕೀಪರ್ಸ್ ಎಂಬ ಗುಂಪಿನ ಮೇಲೆ ಯಾರೋ ಮಾಡಿದ ಕಾರ್ಯಕ್ರಮ ಅದು.

ಶೇಷಗಿರಿಯವರ ಕೈಯಲ್ಲಿದ್ದ ಕಾಫಿ ಲೋಟ ಕೈಯಲ್ಲೇ ಉಳಿಯಿತು.

ಕಾರ್ಯಕ್ರಮದವನು ಗುಂಪಿನ ಜಾತಕವನ್ನೆಲ್ಲ ಬಿಡಿಸಿಟ್ಟ. ಬರ್ಮಿಂಗ್‌ಹ್ಯಾಮಿನ ಕಾಲುವೆ ದಂಡೆಯ ನಾಲ್ಕು ಹುಡುಗರು. ೧೯೬೫ರಲ್ಲಿ 'ಡೋರೀನ್ಸ್ ಅಂಬ್ರೆಲ' ಎಂಬ ಹಾಡು ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಮರುವರ್ಷ ಅಮೆರಿಕ, ಟೀವಿ, ಒಂದೇ ಬಣ್ಣದ ಕೋಟುಗಳು, ಶಿಕಾಗೊ ಮತ್ತು ಡೆಟ್ರಾಯಿಟ್ ಥಿಯೇಟರುಗಳಲ್ಲಿ ಕಿರುಚಿ ಕಿರುಚಿ ಎಚ್ಚರ ತಪ್ಪಿದ ಹುಡುಗಿಯರು. ಆಮೇಲೆ ಇಳಿಜಾರು. ಎರಡನೇ ಎಲ್‌ಪಿ ಯಾರೂ ಕೊಳ್ಳಲಿಲ್ಲ. ಅರವತ್ತೊಂಬತ್ತರಲ್ಲಿ ಗುಂಪು ಒಡೆಯಿತು. ಹಾಡುಗಾರ ಕ್ಲೈವ್ ಕುಡಿದು ಕುಡಿದು ಸತ್ತ. ಗಿಟಾರಿನವನು ಡ್ರೈವಿಂಗ್ ಸ್ಕೂಲ್ ಇಟ್ಟ. ಇಡೀ ಗುಂಪಿನ ಆಯುಷ್ಯ ನಾಲ್ಕೇ ವರ್ಷ. ಆದರೆ ಆ ಒಂದು ಹಾಡು ಸಾಯಲಿಲ್ಲ. ಅದರ ಮೊದಲ ಚರಣದಲ್ಲಿ, ಡ್ರಮ್ ಇನ್ನೂ ಶುರುವಾಗುವ ಮುಂಚೆ, ಹಾಡಿನ ಅಡಿಯಲ್ಲೆಲ್ಲೋ ಧಪ್, ಧಪ್ ಎಂದು ಒಂದು ಮಂದ ಸದ್ದು ಕೇಳಿಸುತ್ತದೆ. ಅದನ್ನು ಅಭಿಮಾನಿಗಳು 'ಹಾರ್ಟ್‌ಬೀಟ್' ಎಂದು ಕರೆಯುತ್ತಾರೆ. ಡ್ರಮ್ಮರ್ ಲೆನ್ ಹಾರ್ಗ್ರೀವ್ ಕಾಲು ಸುಮ್ಮನಿಟ್ಟುಕೊಳ್ಳಲಾರದೆ ದೊಡ್ಡ ಡ್ರಮ್ಮಿನ ಪೆಡಲ್ ಒತ್ತಿದ್ದು ಅದು, ಹಾಗೆಂದೇ ಆ ದಿನವೇ ಅವನನ್ನು ಹೊರಗೆ ಹಾಕಿದರು, ಪಾಪ್ ಸಂಗೀತದ ಅತಿ ಪ್ರೀತಿಯ ತಪ್ಪು ಅದು ಎಂದ ಕಾರ್ಯಕ್ರಮದವನು.

ಆಮೇಲೆ ಒಂದು ಮುದಿ ದನಿ ಬಂತು. ಶಿಕಾಗೊ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ನಲವತ್ತು ವರ್ಷ ಸ್ಕೂಲ್ ಬಸ್ಸು ರಿಪೇರಿ ಮಾಡಿ ಈಗ ಹಾಸಿಗೆ ಹಿಡಿದಿದ್ದ ಲೆನ್‌ನ ದನಿ. "ನನಗೆ ಆ ಹೊಗಳಿಕೆ ಬೇಡ. ನಾನು ಪೆಡಲ್ ಮುಟ್ಟಲಿಲ್ಲ. ಅವತ್ತೂ ಹೇಳಿದೆ, ಇವತ್ತೂ ಹೇಳ್ತೀನಿ. ನನ್ನ ಹೆಂಡತಿ ಕೂಡ ನಂಬದೆ ಸತ್ತಳು."

"ಸೋ ಸ್ಯಾಡ್, ನೋ?" ಎನ್ನುತ್ತ ಇಂಚರ ತಿರುಗಿ ನೋಡಿದರೆ, ತಾತ ಸಿಂಕಿನ ಅಂಚು ಹಿಡಿದು ನಿಂತಿದ್ದರು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಪ್ಪತ್ತೆರಡರ ಹುಡುಗನಿಗೆ ಬಹುವಚನ ಬೇಡ. ಆ ದಿನ ಅವನು ನಡೆದುಕೊಂಡ ರೀತಿಗಂತೂ ಬೇಡವೇ ಬೇಡ.

ಶೇಷಗಿರಿ ಮೈಸೂರಿನಿಂದ ಬರ್ಮಿಂಗ್‌ಹ್ಯಾಮಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಹೋಗಿದ್ದ. ಬಿಡುವಿದ್ದಾಗ ಒಂದು ಪಿಯಾನೊ ಅಂಗಡಿಯ ಹಿಂದಿನ ಪುಟ್ಟ ಸ್ಟುಡಿಯೊದಲ್ಲಿ ಟೇಪ್ ಮೆಷಿನ್ ರಿಪೇರಿ ಮಾಡುತ್ತಿದ್ದ. ಅಲ್ಲಿಯವರ ನಾಲಗೆಗೆ ಹೆಸರು ಹೊರಳದೆ 'ಶೆಶ್' ಆಗಿದ್ದ. ಅವರಲ್ಲಿ ಅವನನ್ನು ಕೂರಿಸಿ ಟೀ ಕೊಟ್ಟು ಮಾತಾಡಿಸುತ್ತಿದ್ದವನು ಲೆನ್ ಒಬ್ಬನೇ. ಒಮ್ಮೆ ನಿಮ್ಮ ಕಡೆ ಹಾಡಿಗೆ ಲೆಕ್ಕ ಹೇಗೆ ಹಿಡೀತೀರಿ ಎಂದು ಕೇಳಿ, ಶೇಷಗಿರಿ ತೋರಿಸಿದ್ದನ್ನು ಅರ್ಧ ಗಂಟೆ ಕೂತು ಕಲಿಯಲು ನೋಡಿ, ಬೆರಳೆಣಿಕೆಯಲ್ಲೇ ಎಡವಿದ್ದ; ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಹಾಡಿನ ರೆಕಾರ್ಡಿಂಗ್. ಡ್ರಮ್ಮಿನ ಮುಂದಿದ್ದ ಮೈಕಿನ ತಂತಿ ಕೀಲಿನಲ್ಲಿ ಸಡಿಲವಾಗಿ ಕರಕರ ಎನ್ನುತ್ತಿತ್ತು. ಭಾನುವಾರ, ಅಂಗಡಿಗಳು ಬಂದ್, ಹೊಸ ತಂತಿ ಎಲ್ಲಿಂದ ತರುವುದು? ನೀನೇ ಹಿಡಿದುಕೊಂಡು ಕೂತುಬಿಡು ಎಂದರು. ಶೇಷಗಿರಿ ಲೆನ್‌ನ ಕಾಲಬುಡದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಎಡಗೈಯಲ್ಲಿ ಕೀಲು ಒತ್ತಿ ಹಿಡಿದು ಕೂತ. ಬಲಗೈ ಖಾಲಿ ಇತ್ತು.

ಆ ಬಲಗೈಗೆ ಅಪ್ಪ ಕೊಟ್ಟ ಶಿಕ್ಷಣವಾಗಿತ್ತು. ಮೈಸೂರಿನ ರಾಮೋತ್ಸವದ ಚಪ್ಪರಗಳಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಪುಟ್ಟ ಕೈ ಹಿಡಿದು ಅಪ್ಪ ತಾಳ ಹಾಕಿಸುತ್ತಿದ್ದರು. ಒಂದು ಏಟು, ಮೂರು ಬೆರಳೆಣಿಕೆ. ಮತ್ತೊಂದು ಏಟು, ಅಂಗೈ ತಿರುವು. ಇನ್ನೊಂದು ಏಟು, ತಿರುವು. ಎಂಟು ಎಣಿಕೆ, ಮೂರು ಏಟು. ಆದಿತಾಳ. ಮಾತು ಕಲಿಯುವ ಮೊದಲೇ ಕೈ ಕಲಿತದ್ದು. ಕ್ಲೈವ್ ಆ ದಿನ ಎಂದೂ ಹಾಡದ ಹಾಗೆ ಹಾಡಿದ. ಕೊಡೆ ಮರೆತು ಹೋದ ಹುಡುಗಿಯ ಹಾಡು. ಅವನ ಗಂಟಲು ಒಂದು ಕಡೆ ಬಿರುಕು ಬಿಟ್ಟಿತು, ಕಣ್ಣಲ್ಲಿ ನೀರಿತ್ತು. ನೆಲದ ಮೇಲೆ ಕೂತ ಹುಡುಗ ಮೈಮರೆತ. ಒಳ್ಳೆಯ ಸಂಗೀತ ಕೇಳಿದರೆ ನಮ್ಮವರ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ. ಉಣ್ಣೆಯ ಪ್ಯಾಂಟಿನ ಮೇಲೆ ಧಪ್ ಎಂದು ಏಟು ಬಿತ್ತು. ಮತ್ತೆ ಬಿತ್ತು.

ಟೇಪ್ ಹಾಕಿ ಕೇಳಿದಾಗ ಪ್ರೊಡ್ಯೂಸರ್ ಕೆಂಪಗಾದ. ಎಲ್ಲವೂ ಒಂದೇ ಟೇಪಿನಲ್ಲಿ ಕೂತಿತ್ತು, ಆ ಸದ್ದನ್ನು ಬೇರ್ಪಡಿಸುವ ದಾರಿ ಇರಲಿಲ್ಲ. ಕ್ಲೈವ್‌ನ ಗಂಟಲು ಕಟ್ಟಿಹೋಗಿತ್ತು, ಮತ್ತೆ ಹಾಡುವಂತಿರಲಿಲ್ಲ. "ಕಾಲು ಹತೋಟಿಯಲ್ಲಿಲ್ಲದವನು ಡ್ರಮ್ ಯಾಕೆ ಬಾರಿಸ್ತೀಯ?" ಎಂದು ಪ್ರೊಡ್ಯೂಸರ್ ಲೆನ್ ಮೇಲೆ ಎಗರಿದ. ನಾನು ಮುಟ್ಟಲಿಲ್ಲ ಅಂದ ಲೆನ್. ಸುಳ್ಳುಗಾರ ಅಂದ ಪ್ರೊಡ್ಯೂಸರ್. ಆಗ ಲೆನ್ ತಿರುಗಿ, "ಶೆಶ್, ನೀನು ನನ್ನ ಕಾಲ ಹತ್ತಿರವೇ ಕೂತಿದ್ದೆ. ಹೇಳು, ನನ್ನ ಕಾಲು ಅಲುಗಿತಾ?" ಎಂದು ಕೇಳಿದ.

ಅದು ತನ್ನ ಕೈಯ ಸದ್ದೆಂದು ಶೇಷಗಿರಿಗೆ ಟೇಪಿನ ಎರಡನೇ ಏಟಿಗೇ ಗೊತ್ತಾಗಿತ್ತು. ಕೋಣೆಯಲ್ಲಿ ಆರು ಜನ ಅವನನ್ನೇ ನೋಡುತ್ತಿದ್ದರು, ಅವರಲ್ಲಿ ಅವನ ಬಣ್ಣದವರು ಒಬ್ಬರೂ ಇಲ್ಲ. ಹೆದರಿಕೆ ಎಂದರೆ ಹೆದರಿಕೆ, ಹೇಡಿತನ ಎಂದರೆ ಹೇಡಿತನ. ಅವನು ಹೇಳಿದ: "ನಾನು ತಂತಿ ನೋಡ್ತಿದ್ದೆ. ಗಮನಿಸಲಿಲ್ಲ."

ಲೆನ್ ಎರಡು ಕಡ್ಡಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಮುಂದೆ ಅಮೆರಿಕಕ್ಕೆ ಹೋದದ್ದು ಬೇರೆ ಡ್ರಮ್ಮರ್.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಹಾಡು ಪ್ರಸಿದ್ಧವಾಯಿತು; ಆಮೇಲೆ ಹೇಳಿದರೆ ಯಾರು ನಂಬುತ್ತಾರೆ ಅನ್ನಿಸಿತು; ಆಮೇಲೆ ಮಿಶಿಗನ್ನಿನ ಕೆಲಸ, ಮದುವೆ, ಮನೆ, ಮಗಳು. ಹೇಗಿದ್ದರೂ ಲೆನ್‌ನನ್ನು ತೆಗೆಯುತ್ತಿದ್ದರೇನೋ ಎಂದು ಶೇಷಗಿರಿಯವರು ತಮಗೆ ತಾವೇ ಹೇಳಿಕೊಂಡರು. ಆದರೆ ಕೈಗೆ ಮಾತ್ರ ಆ ಸಮಾಧಾನ ತಟ್ಟಲಿಲ್ಲ. ಆ ಭಾನುವಾರದಿಂದ ಅದು ಕಂಕುಳಲ್ಲಿತ್ತು.

ಲೆನ್ ಇಷ್ಟು ವರ್ಷ ಮುನ್ನೂರೇ ಮೈಲಿ ದೂರದಲ್ಲಿದ್ದ. ಅದೇ ದೊಡ್ಡ ಸರೋವರಗಳ ಸೀಮೆಯ ಗಾಳಿ ಕುಡಿಯುತ್ತಿದ್ದ. ಶೇಷಗಿರಿಯವರು ನಾಲ್ಕು ಕಾಗದ ಬರೆದು ನಾಲ್ಕನ್ನೂ ಹರಿದರು. ಕೊನೆಗೆ ಇಂಚರಳ ಕೈಯಲ್ಲಿ, ಆ ಕಾರ್ಯಕ್ರಮದವನ ಮೂಲಕ, ಒಂದು ಈಮೇಲ್ ಹಾಕಿಸಿದರು: ನಾನು ಆ ಸ್ಟುಡಿಯೊದಲ್ಲಿದ್ದೆ, ಒಮ್ಮೆ ನೋಡಬೇಕು. ಲೆನ್‌ನ ಮಗಳು ಮ್ಯಾಗಿ ಉತ್ತರ ಬರೆದಳು. ಅಪ್ಪನಿಗೆ ಇನ್ನು ಕೆಲವು ವಾರ ಅಂದಿದ್ದಾರೆ ಡಾಕ್ಟರು, ಬರುವುದಾದರೆ ಬೇಗ ಬನ್ನಿ.

ಕಾರಿನ ಕೀಲಿಯನ್ನು ಮಗಳು ಸಿಂಧು ಹೋದ ವರ್ಷವೇ ಕಿತ್ತುಕೊಂಡಿದ್ದಳು. ದೇವರು ಇಟ್ಟ ಹಾಗೆ ಅಳಿಯ ಈರೇಶನ ಕಂಪನಿಗೆ ಡೌನರ್ಸ್ ಗ್ರೋವ್‌ನಲ್ಲೇ ಒಂದು ಆಫೀಸು. ತಿಂಗಳಿಗೊಮ್ಮೆ ಅಲ್ಲಿಗೆ ಡ್ರೈವ್ ಮಾಡುತ್ತಿದ್ದ. ಧಾರವಾಡದ ಹುಡುಗ, ಮಾವನೆಂದರೆ ಗೌರವ. "ಹತ್ತೂವರಿಗೆ ಮೀಟಿಂಗ್ ಐತ್ರಿ ಮಾವಾರ. ನಿಮ್ಮನ್ನ ಡ್ರಾಪ್ ಮಾಡಿ ಹೋಗ್ತೇನಿ, ಎರಡಕ್ಕ ಬಂದು ಕರ್ಕೊಂಡ್ ಬರ್ತೇನಿ. ಅಷ್ಟರಾಗ ನಿಮ್ಮ ಗೆಳ್ಯಾನ ಕೂಡ ಮಾತು ಮುಗೀತಾವಿಲ್ರಿ?"

"ಮುಗಿಯುತ್ತೆ ಈರೇಶ್. ಹೆಚ್ಚಿಲ್ಲ" ಅಂದರು ಶೇಷಗಿರಿಯವರು.

"ನಾನೂ ಬರ್ತೀನಿ" ಅಂದರು ಅನಸೂಯಮ್ಮ. "ಮಾತ್ರೆ ಯಾರು ಕೊಡ್ತಾರೆ ನಿಮಗೆ? ಯಾರ್ರೀ ಅದು, ನಂಗೆ ಗೊತ್ತಿಲ್ಲದ ಸ್ನೇಹಿತ?"

"ಸ್ಟೂಡೆಂಟ್ ಆಗಿದ್ದಾಗಿನವನು" ಎಂದಷ್ಟೇ ಹೇಳಿದರು. ಬೇಡ ಎನ್ನುವ ಧೈರ್ಯವೂ ಬರಲಿಲ್ಲ.

ಮಾರ್ಚ್ ತಿಂಗಳು, ಫ್ಯಾರನ್‌ಹೀಟಿನಲ್ಲಿ ಮೂವತ್ತನಾಲ್ಕು ಡಿಗ್ರಿ. ರಸ್ತೆಯ ಅಂಚಿನಲ್ಲಿ ಹಿಮ ಇನ್ನೂ ಕೊಳೆಯಾಗಿ ಕೂತಿತ್ತು. ಮ್ಯಾಗಿಯ ಮನೆ ರೈಲು ಹಳಿಯ ಹತ್ತಿರ. ಮುಂದಿನ ಕೋಣೆಯಲ್ಲೇ ಆಸ್ಪತ್ರೆಯ ಮಂಚ, ಆಕ್ಸಿಜನ್ ಯಂತ್ರದ ಉಸಿರು. ಹಾಸಿಗೆಯ ಮೇಲೆ ಒಣಗಿದ ಕಡ್ಡಿಯಂಥ ಮನುಷ್ಯ, ಆದರೆ ಕಣ್ಣು ಅದೇ ಕಣ್ಣು. ಮಂಚದ ಪಕ್ಕ ಗೋಡೆಗೆ ಮುಖ ಮಾಡಿ ಒಂದು ಮರದ ಫಲಕ ನಿಂತಿತ್ತು.

"ಫ್ಯಾನ್ ಕ್ಲಬ್ಬಿನವರು ಇಂಗ್ಲೆಂಡಿನಿಂದ ಕಳಿಸಿದ್ದು" ಎಂದು ಮ್ಯಾಗಿ ಅದನ್ನು ತಿರುಗಿಸಿ ತೋರಿಸಿದಳು. ಹಿತ್ತಾಳೆಯ ಒಂದು ಡ್ರಮ್ ಪೆಡಲ್, ಅದರ ಕೆಳಗೆ 'ಅತಿ ಪ್ರೀತಿಯ ತಪ್ಪಿಗೆ' ಎಂಬ ಬರಹ. "ಅಪ್ಪನಿಗೆ ಕಂಡರಾಗಲ್ಲ."

"ಶೆಶ್" ಅಂದ ಲೆನ್. "ಟೇಪ್ ಹುಡುಗ. ನನ್ನ ಕಾಲ ಹತ್ತಿರ ಕೂತಿದ್ದವನು. ಏನೂ ನೋಡದವನು."

ಐವತ್ತೊಂಬತ್ತು ವರ್ಷದ ಮೇಲೂ ಅವನು ಮರೆತಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಶೇಷಗಿರಿಯವರ ತಲೆಯಿಂದ ಹಾರಿಹೋಯಿತು.

"ಲೆನ್, ಅದು ನಾನು" ಅಂದರು. "ಪೆಡಲ್ ಅಲ್ಲ. ನನ್ನ ಕೈ. ನನ್ನ ತೊಡೆಯ ಮೇಲೆ ತಾಳ ಹಾಕ್ತಿದ್ದೆ. ನಂಗೆ ಅವತ್ತೇ ಗೊತ್ತಿತ್ತು. ನೀನು ಕೇಳಿದಾಗ ಸುಳ್ಳು ಹೇಳಿದೆ."

ಮ್ಯಾಗಿ ಗಟ್ಟಿ ದನಿಯಲ್ಲಿ ಅಡ್ಡಬಂದಳು. "ಹೋದ ತಿಂಗಳು ಇನ್ನೊಬ್ಬ ಬಂದಿದ್ದ, ನಾನೇ ಆ ಹಾಡು ಬರೆದವನು ಅಂತ. ಸಾಯೋರ ಮನೆಗೆ ಯಾಕೆ ಹೀಗೆ ಬರ್ತೀರಿ?"

"ಹಾಡು ಹಾಕಮ್ಮ" ಅಂದರು ಶೇಷಗಿರಿಯವರು. "ಹಾಕೋಕೆ ಮುಂಚೆ ಒಂದು ಮಾತು. ಮೂರನೇ ಸಾಲಿನಲ್ಲಿ ಒಂದು ಏಟು ಇರಲ್ಲ. ಕೀಲು ಜಾರಿತು, ಎರಡೂ ಕೈಯಲ್ಲಿ ಹಿಡ್ಕೊಂಡೆ. ಅದಕ್ಕೆ ಇರಲ್ಲ."

ಮ್ಯಾಗಿ ಅಪ್ಪನ ಮುಖ ನೋಡಿ, ಫೋನಿನಲ್ಲಿ ಹಾಡು ಹಚ್ಚಿದಳು. ಗಿಟಾರ್ ಶುರುವಾಯಿತು. ಶೇಷಗಿರಿಯವರು ಕಂಕುಳಿಂದ ಬಲಗೈ ತೆಗೆದರು. ಅದು ತೊಡೆಯ ಮೇಲೆ ಬಿದ್ದಾಗ ಫೋನಿನೊಳಗಿನ ಧಪ್‌ಗೂ ಕೋಣೆಯೊಳಗಿನ ಧಪ್‌ಗೂ ಕೂದಲೆಳೆಯ ಅಂತರ ಇರಲಿಲ್ಲ. ಮೂರು ಬೆರಳು. ಏಟು, ತಿರುವು. ಏಟು, ತಿರುವು. ಸತ್ತುಹೋದ ಕ್ಲೈವ್ ಹಾಡುತ್ತ ಹೋದ. ಮೂರನೇ ಸಾಲು ಬಂದಾಗ ಮುದುಕ ಎರಡೂ ಕೈಗಳಿಂದ ಇಲ್ಲದ ತಂತಿಯನ್ನು ಹಿಡಿದುಕೊಂಡರು. ಹಾಡಿನಲ್ಲೂ ಆ ಜಾಗ ಖಾಲಿಯಾಗಿತ್ತು. ಮುಂದಿನ ಏಟಿಗೆ ಕೈಯೂ ಟೇಪೂ ಒಟ್ಟಿಗೆ ಬಂದವು.

ಅನಸೂಯಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಗಂಡನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದರು. ಸಾವಿರ ಮಕ್ಕಳ ತಾಳ ತಿದ್ದಿದ ಕಣ್ಣಿಗೆ ಅದು ಎಂಥ ಕೈ ಎಂದು ತಿಳಿಯಲು ಒಂದು ಆವರ್ತ ಸಾಕಾಗಿತ್ತು.

ಡ್ರಮ್ ಶುರುವಾಗುವ ಹೊತ್ತಿಗೆ ಲೆನ್ ಕೈಯೆತ್ತಿ ನಿಲ್ಲಿಸು ಅಂದ. ಹೊರಗೆ ಒಂದು ರೈಲು ಹೋಯಿತು. ಅದು ಹೋಗುವ ತನಕ ಎಲ್ಲರೂ ಕಾದರು.

"ಅವಳಿಗೆ ಹೇಳು" ಅಂದ ಲೆನ್, ಮಗಳ ಕಡೆ ಬೆರಳು ಮಾಡಿ. "ನನಗಲ್ಲ. ನಾನು ಮುಟ್ಟಲಿಲ್ಲ ಅನ್ನೋದು ನನಗೆ ಗೊತ್ತೇ ಇತ್ತು. ಅವಳಿಗೆ ಹೇಳು."

ಶೇಷಗಿರಿಯವರು ಎದ್ದು ನಿಂತರು. ಎಂಬತ್ತೊಂದು ವರ್ಷದ ಮಂಡಿ ನೋಯುತ್ತಿತ್ತು. "ಮ್ಯಾಗಿ, ನಿಮ್ಮಪ್ಪ ಪೆಡಲ್ ಮುಟ್ಟಲಿಲ್ಲ. ನಾನು ಅವರ ಕಾಲ ಹತ್ತಿರವೇ ಕೂತಿದ್ದೆ. ಅವರ ಕಾಲು ಅಲುಗಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನಾನು."

ಮ್ಯಾಗಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. "ಸಾರಿ ಡ್ಯಾಡ್" ಅಂದಳು, ಎರಡು ಸಲ. ಅವಳೂ ನಂಬಿರಲಿಲ್ಲ ಎಂಬುದು ಆಗ ಶೇಷಗಿರಿಯವರಿಗೆ ತಿಳಿಯಿತು.

"ಅವಳಮ್ಮ ಹೋಗಿ ಐದು ವರ್ಷ ಆಯಿತು" ಅಂದ ಲೆನ್. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದ. "ನೀನು ಐದು ವರ್ಷ ಲೇಟು, ಶೆಶ್. ಬರೀ ಐದು ವರ್ಷ ಮುಂಚೆ ಬಂದಿದ್ದರೂ ಸಾಕಿತ್ತು."

ಶೇಷಗಿರಿಯವರು ತಲೆ ತಗ್ಗಿಸಿ ನಿಂತರು. ಕ್ಷಮಿಸು ಎಂದು ಕೇಳಬೇಕೆಂದು ಬಂದವರು ಕೇಳಲಿಲ್ಲ. ಕೇಳಿ ಆ ಉಸಿರನ್ನು ಖರ್ಚು ಮಾಡಿಸುವುದು ಬೇಡ ಅನ್ನಿಸಿತು.

ಎರಡು ಗಂಟೆಗೆ ಈರೇಶನ ಕಾರು ಬಂದಾಗ ಲೆನ್ ಕಣ್ಣು ತೆರೆದು ಫಲಕ ತೋರಿಸಿದ. "ಅದನ್ನು ತಗೊಂಡು ಹೋಗು. ಅದು ನಿನ್ನದು." ವ್ಯಂಗ್ಯವೋ ಅಲ್ಲವೋ, ಆ ಮುಖದಲ್ಲಿ ಓದಲಾಗಲಿಲ್ಲ. ಆಮೇಲೆ, ಬಾಗಿಲ ತನಕ ಹೋದ ಮೇಲೆ, ಹಿಂದಿನಿಂದ ದನಿ ಬಂತು. "ಆ ಬೆರಳೆಣಿಕೆ ನನಗೆ ಕೊನೆಗೂ ಬರಲಿಲ್ಲ ಕಣೋ."

ತಿರುಗಿ ನೋಡಿದರೆ, ಹೊದಿಕೆಯ ಮೇಲೆ ಆ ಒಣಗಿದ ಬೆರಳುಗಳು ಕಿರುಬೆರಳಿಂದ ಶುರುಮಾಡಿ ನಿಧಾನಕ್ಕೆ ಎಣಿಸುತ್ತಿದ್ದವು. ಎರಡನೆಯದಕ್ಕೇ ತಪ್ಪಿತು.

ಹಿಂದಿನ ಸೀಟಿನಲ್ಲಿ ಗಂಡಹೆಂಡಿರು ಪಕ್ಕಪಕ್ಕ ಕೂತರು. ಫಲಕ ಶೇಷಗಿರಿಯವರ ತೊಡೆಯ ಮೇಲೆ, ಎರಡೂ ಕೈ ಅದರ ಮೇಲೆ. ಈರೇಶ್ ಕನ್ನಡಿಯಲ್ಲಿ ನೋಡಿ, "ಭೇಟಿ ಚಲೋ ಆತ್ರಿ ಮಾವಾರ?" ಎಂದು ಕೇಳಿದ. ಮಾವನ ಮುಖ ಕಂಡು ಜಾಣ ಹುಡುಗ ಸಣ್ಣಗೆ ರೇಡಿಯೊ ಹಾಕಿದ. ಇಲಿನಾಯ್ ಮುಗಿಯಿತು, ಇಂಡಿಯಾನಾದ ಮೂಲೆ ದಾಟಿತು, ಮಿಶಿಗನ್ ಬಂತು. ಅನಸೂಯಮ್ಮ ಕಿಟಕಿಯಾಚೆ ನೋಡುತ್ತಲೇ ಇದ್ದರು. ಮಾತ್ರೆ ಕೊಟ್ಟರು, ನೀರು ಕೊಟ್ಟರು, ಮತ್ತೆ ಕಿಟಕಿಗೆ ತಿರುಗಿದರು.

ಕಲಮಜೂ ಎಂಬ ಊರಿನ ಹತ್ತಿರ ಬಂದಾಗ ಆಕೆ ಹೇಳಿದರು. "ನನ್ನ ಹಾಡು ನಿಮಗೆ ಹಿಡಿಸಲ್ಲ ಅಂದ್ಕೊಂಡಿದ್ದೆ ರೀ. ಐವತ್ತೆರಡು ವರ್ಷ."

"ಹಿಡಿಸ್ತಿತ್ತು" ಅಂದರು ಶೇಷಗಿರಿಯವರು. "ಅದಕ್ಕೇ ಕೈ ಕಟ್ಕೊಂಡು ಕೂರ್ತಿದ್ದೆ. ಬಿಟ್ರೆ ತಾನಾಗೇ ಹೋಗ್ತಿತ್ತು."

"ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳ್ಬಹುದಿತ್ತು."

ಇದೇ ಮಾತನ್ನು ಆ ದಿನ ಎರಡು ಮನೆಯವರು ಅವರಿಗೆ ಹೇಳಿದಂತಾಯಿತು. ಅನಸೂಯಮ್ಮ ಕಣ್ಣು ಒರೆಸಿಕೊಂಡರು. ಅವರ ಸಿಟ್ಟು ಇಳಿದಿರಲಿಲ್ಲ, ಇಷ್ಟು ಬೇಗ ಇಳಿಯುವಂಥದ್ದೂ ಅಲ್ಲ. ಇನ್ನೂ ಬಿಸಿಲಿತ್ತು, ರಸ್ತೆ ನೇರವಾಗಿ ಪೂರ್ವಕ್ಕೆ ಓಡುತ್ತಿತ್ತು. ಎರಡು ಎಕ್ಸಿಟ್ ದಾಟಿದ ಮೇಲೆ ಆಕೆ ಬಗ್ಗಿ, ಗಂಡನ ತೊಡೆಯ ಮೇಲಿನ ಫಲಕವನ್ನು ಎತ್ತಿ ಕಾಲ ಬಳಿ ನೆಲದ ಮೇಲಿಟ್ಟರು. ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಮದುವೆಯಾದ ಹೊಸತರಲ್ಲಿ ಹಾಡುತ್ತಿದ್ದ ಒಂದು ದೇವರನಾಮವನ್ನು ಎತ್ತಿಕೊಂಡರು. ಗಂಡನ ಕಡೆ ನೋಡಲಿಲ್ಲ.

ಮೊದಲ ಆವರ್ತ ಹಾಗೇ ಹೋಯಿತು. ಎರಡನೆಯದಕ್ಕೆ ಶೇಷಗಿರಿಯವರ ಕೈ ತೊಡೆಯ ಮೇಲೆ ಬಿತ್ತು. ಈರೇಶ್ ರೇಡಿಯೊ ಆಫ್ ಮಾಡಿದ.